ಬಿಟ್ಟ ಜಾಗದ ಮುಖ: ಅಮೂರ್ತ ಜಲವರ್ಣ ಭಾವಚಿತ್ರವನ್ನು ಬರೆಯುವುದು ಮತ್ತು ಮಾರುವುದು

ಎಲ್ಲರಿಗೂ ನಮಸ್ಕಾರ.

ನನ್ನ ಪಕ್ಕದ ಈಸೆಲ್ ಮೇಲಿರುವ ಹಾಳೆಯನ್ನು ನಿಮ್ಮಲ್ಲಿ ಹಲವರು ಒಳಗೆ ಬರುವಾಗಲೇ ಹತ್ತಿರ ನಿಂತು ನೋಡಿದಿರಿ. ಹಾಗೆ ನೋಡಿದವರಲ್ಲಿ ಒಬ್ಬರು "ಇದು ಯಾರು?" ಎಂದು ಕೇಳಿದರು, ಇನ್ನೊಬ್ಬರು "ಇದನ್ನು ಕೊಡುತ್ತೀರಾ?" ಎಂದು ಕೇಳಿದರು. ಪ್ರದರ್ಶನಗಳಲ್ಲಿ ನಾನು ವರ್ಷಗಳಿಂದ ಕೇಳಿಸಿಕೊಳ್ಳುತ್ತಿರುವ ಪ್ರಶ್ನೆಗಳು ಇವೆರಡೇ. ಒಂದು ಕಲೆಗೆ ಸೇರಿದ್ದು, ಇನ್ನೊಂದು ವ್ಯಾಪಾರಕ್ಕೆ ಸೇರಿದ್ದು ಎಂದು ಬೇರೆ ಮಾಡಿಡುವುದು ಸುಲಭ. ಆದರೆ ತಮ್ಮ ಚಿತ್ರವನ್ನು ತಾವೇ ಮಾರುವ ಕಲಾವಿದರ ಪಾಲಿಗೆ ಎರಡೂ ಒಂದೇ ಉತ್ತರವನ್ನು ಬೇಡುತ್ತವೆ. ಅಮೂರ್ತ ಭಾವಚಿತ್ರದಲ್ಲಿ ಏನನ್ನು ಉಳಿಸಿಕೊಂಡೆವು, ಏನನ್ನು ಬಿಟ್ಟೆವು, ಅದನ್ನು ಯಾವುದರಿಂದ ಮಾಡಿದೆವು ಎಂಬುದಕ್ಕೆ ಬರೆದವರ ಹೊರತು ಬೇರೆ ಸಾಕ್ಷಿ ಇರುವುದಿಲ್ಲ. ಆ ಸಾಕ್ಷ್ಯವನ್ನು ಕೊಳ್ಳುವವರ ಮುಂದೆ ನೇರವಾಗಿ ಇಡುವುದೂ ಚಿತ್ರ ಬರೆಯುವ ಕೆಲಸದ ಒಂದು ಭಾಗವೇ ಎಂಬುದು ನನ್ನ ಈ ಹೊತ್ತಿನ ಮಾತು.

ಮೊದಲು ಹಾಳೆಯನ್ನೇ ನೋಡೋಣ. ಅಗಲ 38 ಸೆಂಟಿಮೀಟರ್, ಎತ್ತರ 56 ಸೆಂಟಿಮೀಟರ್. ಅಂದರೆ ಜಲವರ್ಣದವರು ಇಂಪೀರಿಯಲ್ ಎಂದು ಕರೆಯುವ ಪೂರ್ಣ ಹಾಳೆಯ ಸರಿಯಾಗಿ ಅರ್ಧ. ಪೂರ್ತಿ ಹತ್ತಿಯ ನಾರಿನಿಂದ ಮಾಡಿದ, ಚದರ ಮೀಟರಿಗೆ 300 ಗ್ರಾಂ ತೂಗುವ, ಮೈ ತುಸು ತರಿತರಿಯಾಗಿರುವ ಕೋಲ್ಡ್ ಪ್ರೆಸ್ ಕಾಗದ. ಅದರ ಮೇಲೆ ಎಡಕ್ಕೆ ವಾಲಿದ ನೀಲಿ ಬೂದು ಬಣ್ಣದ ಒಂದು ದೊಡ್ಡ ಕಲೆ ಇದೆ. ಅದರ ಕೆಳಗಿನಿಂದ ಕತ್ತಿನ ಹಾಗೆ ಇಳಿದ ಕಂದು ಪಟ್ಟಿಯೊಂದು ಅರ್ಧಕ್ಕೇ ನಿಂತಿದೆ. ನಮಗೆ ಬಲಗಡೆ ಕಾಣುವ ಕೆನ್ನೆಯ ಜಾಗದಲ್ಲಿ ಏನೂ ಇಲ್ಲ, ಬರಿಯ ಕಾಗದ. ಕಣ್ಣುಗಳಿಲ್ಲ, ಬಾಯಿಯೂ ಇಲ್ಲ. ಹುಬ್ಬು ಎನ್ನಬಹುದಾದ ಒಂದೇ ಒಂದು ಗಟ್ಟಿ ಗೆರೆ ಇದೆ. ಕಾಗದ ಪೂರ್ತಿ ಒಣಗಿದ ಮೇಲೆ ಎಳೆದ ಗೆರೆ ಇಡೀ ಹಾಳೆಯಲ್ಲಿ ಅದೊಂದೇ.

ಇವರು ನನ್ನ ಸೋದರತ್ತೆ. ಅವರಿಗೆ ಎಡಗಿವಿ ಕೇಳಿಸುವುದಿಲ್ಲ. ಎದುರಿಗೆ ಕುಳಿತವರು ಮಾತು ಶುರುಮಾಡಿದರೆ ಸಾಕು, ಅವರ ತಲೆ ತಾನಾಗಿ ಬಲಗಡೆಗೆ ಬಾಗುತ್ತದೆ, ಹುಬ್ಬು ಸ್ವಲ್ಪ ಮೇಲೇರುತ್ತದೆ, ಕೇಳಿದ್ದು ಅರ್ಥವಾಗುವವರೆಗೂ ಅವರು ಅದೇ ಭಂಗಿಯಲ್ಲಿ ಇರುತ್ತಾರೆ. ಈ ಹಾಳೆಗೂ ಮೊದಲು ನಾನು ಬರೆದ ಮೂರು ಹಾಳೆಗಳಲ್ಲಿ ಕಣ್ಣು, ಮೂಗು, ಬಾಯಿ ಎಲ್ಲವೂ ಅದರದರ ಜಾಗದಲ್ಲಿದ್ದವು, ಹೋಲಿಕೆಗೂ ಕೊರತೆ ಇರಲಿಲ್ಲ. ಆದರೆ ನೋಡುವವರ ಗಮನವನ್ನೆಲ್ಲ ಕಣ್ಣುಗಳೇ ಸೆಳೆದುಕೊಂಡು, ಆ ಬಾಗುವಿಕೆ ಯಾರಿಗೂ ಕಾಣದೆ ಹೋಯಿತು. ನಾಲ್ಕನೆಯ ಹಾಳೆಯಲ್ಲಿ ಕಣ್ಣುಗಳನ್ನು ಕೈಬಿಟ್ಟೆ. ಅಮೂರ್ತವಾಗಿ ಬರೆಯಬೇಕು ಎಂಬ ಸಂಕಲ್ಪವೇನೂ ಇರಲಿಲ್ಲ. ಬಾಗುವಿಕೆಯನ್ನು ಕಾಣಿಸಲು ಬೇರೆ ದಾರಿ ಉಳಿದಿರಲಿಲ್ಲ.

ನಮ್ಮ ಭಾಷೆಯಲ್ಲಿ ಈ ಬಗೆಯ ಚಿತ್ರಕ್ಕೆ ಇರುವ ಹೆಸರಿನ ಬಗ್ಗೆ ಒಂದು ಮಾತು. ಭಾವಚಿತ್ರ ಎಂಬ ಪದವನ್ನು ನಾವು ಪತ್ರಿಕೆಯ ಫೋಟೊಗಳಿಗೂ ಗೋಡೆಗೆ ತೂಗುಹಾಕಿದ ಹಿರಿಯರ ಪಟಗಳಿಗೂ ಬಳಸಿ ಬಳಸಿ ಸವೆಸಿದ್ದೇವೆ. ಆದರೂ ಆ ಪದವನ್ನು ಬಿಡಿಸಿ ನೋಡಿದರೆ ಅದು ಹೋಲಿಕೆಯನ್ನು ಕೇಳುವುದೇ ಇಲ್ಲ, ಭಾವವನ್ನು ಕೇಳುತ್ತದೆ. ಹೀಗಾಗಿ "ಅಮೂರ್ತ ಭಾವಚಿತ್ರ" ಎಂಬ ಜೋಡಣೆ ಬೇರೆ ಭಾಷೆಗಳಲ್ಲಿ ಕೇಳಿಸುವಷ್ಟು ವಿರೋಧಾಭಾಸವಾಗಿ ಕನ್ನಡದಲ್ಲಿ ಕೇಳಿಸುವುದಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಹಾಗಾದರೆ ಕಣ್ಣಿಲ್ಲದ, ಬಾಯಿಲ್ಲದ ಕಲೆಯೊಂದು ಮುಖವಾಗಿ ಕಾಣುವುದು ಹೇಗೆ? ಇದರಲ್ಲಿ ಕಲಾವಿದರ ಜಾಣ್ಮೆಗಿಂತ ನೋಡುವವರ ಮಿದುಳಿನ ಪಾಲೇ ದೊಡ್ಡದು. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಲಿಯಾನ್ ಹಾರ್ಮನ್ 1973ರಲ್ಲಿ ಅಬ್ರಹಾಂ ಲಿಂಕನ್ನರ ಮುಖವನ್ನು ಕೆಲವೇ ನೂರು ಬೂದು ಚೌಕಗಳಿಗೆ ಇಳಿಸಿ ತೋರಿಸಿದರು. ಹತ್ತಿರದಿಂದ ಅದು ಬರಿಯ ಚೌಕಗಳ ಹಾಸು. ಕಣ್ಣನ್ನು ಅರೆಮುಚ್ಚಿದರೆ ಅಥವಾ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಲಿಂಕನ್ ಎದುರಿಗೆ ಬರುತ್ತಾರೆ. ಅಂದರೆ ಗುರುತು ಹಿಡಿಯಲು ನಮಗೆ ಸಣ್ಣ ವಿವರಗಳಿಗಿಂತ ದೊಡ್ಡ ನೆರಳುಗಳ ಜೋಡಣೆ ಮುಖ್ಯ. ಇನ್ನೊಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪವನ್ ಸಿನ್ಹಾ ಮತ್ತು ಅವರ ಸಹೋದ್ಯೋಗಿಗಳು ಪ್ರಸಿದ್ಧ ವ್ಯಕ್ತಿಗಳ ಫೋಟೊಗಳಲ್ಲಿ ಒಮ್ಮೆ ಕಣ್ಣುಗಳನ್ನೂ ಇನ್ನೊಮ್ಮೆ ಹುಬ್ಬುಗಳನ್ನೂ ಅಳಿಸಿ ಜನರಿಗೆ ತೋರಿಸಿದಾಗ, ಹುಬ್ಬಿಲ್ಲದ ಮುಖಗಳನ್ನು ಗುರುತಿಸುವುದೇ ಹೆಚ್ಚು ಕಷ್ಟವಾಯಿತು. ಅತ್ತೆಯ ಚಿತ್ರದಲ್ಲಿ ಹುಬ್ಬನ್ನು ಉಳಿಸಿಕೊಂಡಾಗ ನನಗೆ ಈ ಅಧ್ಯಯನ ಗೊತ್ತಿರಲಿಲ್ಲ. ಆಮೇಲೆ ಓದಿ ಸ್ವಲ್ಪ ಸಮಾಧಾನಪಟ್ಟುಕೊಂಡೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಣ್ಣದ ಕಲೆಯಲ್ಲಿ ಯಾವುದೋ ಒಂದು ಮುಖ ಕಾಣುವುದು ಬಹಳ ಸುಲಭ. ಮೋಡದಲ್ಲಿಯೂ ಗೋಡೆಯ ಪಾಚಿಯಲ್ಲಿಯೂ ಕಾಣುತ್ತದೆ. ರವೀಂದ್ರನಾಥ ಟಾಗೋರರು ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಸಾಲುಗಳನ್ನು ಜೋಡಿಸುತ್ತ ಚಿತ್ರಕ್ಕೆ ಇಳಿದವರು. ಅವರ ಮೊದಲ ಪ್ರದರ್ಶನ ನಡೆದದ್ದು 1930ರಲ್ಲಿ, ಪ್ಯಾರಿಸ್ಸಿನ ಗ್ಯಾಲರಿ ಪಿಗಾಲ್‌ನಲ್ಲಿ, ಅವರಿಗೆ 69 ವರ್ಷವಾಗುವ ಹೊತ್ತಿಗೆ. ಶಾಯಿ ಮತ್ತು ಬಣ್ಣದಲ್ಲಿ ಅವರು ಬರೆದ ಮುಖಗಳು ಹಲವು, ಆದರೆ ಹೆಚ್ಚಿನವು ಇಂಥವರದ್ದು ಎಂದು ಹೇಳಲಾಗದ ಮುಖಗಳು; ಅವಕ್ಕೆ ಹೆಸರಿಡಲೂ ಅವರು ಒಪ್ಪುತ್ತಿರಲಿಲ್ಲ. ಅದು ಒಂದು ದಾರಿ, ದೊಡ್ಡ ದಾರಿ. ಭಾವಚಿತ್ರ ಎಂದು ಹೇಳಿಕೊಂಡ ಕೂಡಲೇ ನಾವು ಬೇರೆ ದಾರಿ ಹಿಡಿಯುತ್ತೇವೆ, ಏಕೆಂದರೆ ಆಗ ಆ ಹಾಳೆ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಋಣಿಯಾಗುತ್ತದೆ. ಬಣ್ಣ ಚೆಲ್ಲಿ, ಆಮೇಲೆ ಅದರಲ್ಲಿ ಮುಖ ಹುಡುಕಿ, ಅದಕ್ಕೆ ಭಾವಚಿತ್ರ ಎಂಬ ಚೀಟಿ ಅಂಟಿಸುವ ಅಭ್ಯಾಸ ನನಗೆ ಒಪ್ಪಿಗೆಯಾಗುವುದಿಲ್ಲ. ಕೊಳ್ಳುವವರು "ಇದು ಯಾರು?" ಎಂದಾಗ "ನಿಮಗೆ ಯಾರು ಕಾಣುತ್ತಾರೋ ಅವರು" ಎಂದು ಜಾರಿಕೊಳ್ಳುವುದೂ ಅದೇ ಜಾತಿಯದು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ, ಜಲವರ್ಣದಲ್ಲಿ ಅರ್ಧ ಚಿತ್ರ ಬರೆಯುವುದು ಅದೇ. ನಾವು ಟ್ಯೂಬಿನಿಂದ ಹಿಂಡುವ ಬಣ್ಣವೆಂದರೆ ನುಣ್ಣಗೆ ಅರೆದ ವರ್ಣದ್ರವ್ಯ, ಅದನ್ನು ಹಿಡಿದಿಡುವ ಅಕೇಸಿಯ ಮರದ ಗೋಂದು, ಬೇಗ ಒಣಗಿ ಬಿರುಕು ಬಿಡದಂತೆ ಸ್ವಲ್ಪ ಗ್ಲಿಸರಿನ್ ಅಥವಾ ಜೇನು. ನೀರು ಇವನ್ನೆಲ್ಲ ಹೊತ್ತು ತಂದು ಕಾಗದದ ಮೇಲೆ ಇಳಿಸಿ, ತಾನು ಆವಿಯಾಗಿ ಹೋಗುತ್ತದೆ. ಇಳಿಸುವುದು ಮಾತ್ರ ತನ್ನ ಇಷ್ಟದಂತೆ. ಹಣೆಯ ಭಾಗವನ್ನು ಹತ್ತಿರದಿಂದ ನೋಡಿದವರಿಗೆ ಅಲ್ಲಿ ಬಣ್ಣ ಸಮನಾಗಿಲ್ಲ, ಮರಳು ಉದುರಿಸಿದಂತೆ ಕಾಳುಕಾಳಾಗಿದೆ ಎಂದು ಕಂಡಿರಬಹುದು. ಅದು ಅಲ್ಟ್ರಾಮರೀನ್ ನೀಲಿಯ ಗುಣ. ಅದರ ಕಣಗಳು ನೀರಿನಲ್ಲಿ ಒಂದಕ್ಕೊಂದು ಕೂಡಿಕೊಂಡು ಕಾಗದದ ತಗ್ಗುಗಳಲ್ಲಿ ಕುಳಿತುಕೊಳ್ಳುತ್ತವೆ. ಅದರ ಜೊತೆಗೆ ಬರ್ಂಟ್ ಸಿಯೆನಾ ಎಂಬ ಕಂದು ಮಣ್ಣಿನ ಬಣ್ಣವನ್ನು ಸೇರಿಸಿದರೆ ಬೂದು ಹುಟ್ಟುತ್ತದೆ. ಆದರೆ ಒಣಗುವಾಗ ಎರಡೂ ಸ್ವಲ್ಪ ಸ್ವಲ್ಪ ಬೇರೆಯಾಗಿ, ದೂರದಿಂದ ಬೂದಾಗಿ ಕಂಡದ್ದು ಹತ್ತಿರ ಹೋದಾಗ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬೆಚ್ಚಗೆ ಕಾಣುತ್ತದೆ. ವಯಸ್ಸಾದವರ ಚರ್ಮಕ್ಕೆ ಇದಕ್ಕಿಂತ ಹೊಂದುವ ಬೂದು ನನಗೆ ಸಿಕ್ಕಿಲ್ಲ.

ಬಣ್ಣದ ಕಲೆಯ ಅಂಚನ್ನು ನೋಡಿ. ಒಳಗಿಗಿಂತ ಅಂಚೇ ಗಾಢವಾಗಿದೆ, ಪೆನ್ಸಿಲಿನಿಂದ ತಿದ್ದಿದ ಹಾಗಿದೆ. ಅಲ್ಲಿ ನಾನು ಕುಂಚ ಮುಟ್ಟಿಸಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆ ಏಕೆ ಉಂಗುರವಾಗಿಯೇ ಒಣಗುತ್ತದೆ ಎಂಬುದನ್ನು 1997ರಲ್ಲಿ ವಿವರಿಸಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡು ನಿಂತಿರುತ್ತದೆ, ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ, ಆ ಕೊರತೆಯನ್ನು ತುಂಬಲು ನಡುವಿನಿಂದ ನೀರು ಹೊರಕ್ಕೆ ಹರಿಯುತ್ತ ಕಣಗಳನ್ನೂ ಹೊತ್ತೊಯ್ದು ಅಂಚಿನಲ್ಲಿ ಬಿಡುತ್ತದೆ. ಅತ್ತೆಯ ತಲೆಯ ಹೊರರೇಖೆ ಹಾಗೆ ಬಂದದ್ದು. ದವಡೆಯ ಹತ್ತಿರ ಹೂಕೋಸಿನ ಹಾಗೆ ಅಂಕುಡೊಂಕಾಗಿ ಅರಳಿದ ಜಾಗ ಮಾತ್ರ ಶುದ್ಧ ಅವಘಡ. ಬಣ್ಣ ಅರ್ಧ ಒಣಗಿದ್ದಾಗ ಕುಂಚದಿಂದ ಒಂದು ಹನಿ ನೀರು ಬಿತ್ತು. ಆ ನೀರು ಕಣಗಳನ್ನು ತಳ್ಳಿಕೊಂಡು ಹೋಗಿ ತಾನು ನಿಂತಲ್ಲಿ ಗೆರೆ ಬರೆಯಿತು. ಒರೆಸಲು ಬಟ್ಟೆ ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಸಡಿಲವಾದ ದವಡೆಯ ಮಡಿಕೆ ಅಲ್ಲಿ ತಾನಾಗಿ ಬಂದಿತ್ತು. ಈ ಮಾಧ್ಯಮದಲ್ಲಿ ಕಲಾವಿದರ ನಿರ್ಧಾರವೆಂದರೆ ಹೆಚ್ಚಿನ ಸಲ ಇಷ್ಟೇ: ನೀರು ಮಾಡಿದ್ದನ್ನು ಒಪ್ಪುವುದೋ, ಹಾಳೆಯನ್ನು ಹರಿಯುವುದೋ.

ಇದರಿಂದಲೇ ಜಲವರ್ಣದಲ್ಲಿ "ಮೂಲಕೃತಿ" ಎಂಬ ಮಾತಿಗೆ ಅಕ್ಷರಶಃ ಅರ್ಥವಿದೆ. ಒಬ್ಬರು ಬೇರೊಂದು ಚಿತ್ರವನ್ನು ಮೆಚ್ಚಿ, ಅದು ಮಾರಾಟವಾಗಿದೆ ಎಂದು ತಿಳಿದು, ಅಂಥದ್ದೇ ಇನ್ನೊಂದನ್ನು ಬರೆದುಕೊಡಿ ಎಂದರು. ಅದೇ ಕಾಗದ, ಅದೇ ಟ್ಯೂಬುಗಳು, ಅದೇ ಕುಂಚ. ನಾಲ್ಕು ಸಲ ಬರೆದೆ, ನಾಲ್ಕು ಬೇರೆ ಬೇರೆ ಮನುಷ್ಯರು ಬಂದರು. ಆಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಇನ್ನು ದಿನಾಂಕದ ವಿಷಯ. ಪ್ಯಾರಿಸ್ಸಿನ ಪಾಂಪಿದು ಕಲಾಕೇಂದ್ರದ ಸಂಗ್ರಹಕ್ಕೆ ಸೇರಿದ, ರಷ್ಯಾದ ಚಿತ್ರಕಾರ ವಾಸಿಲಿ ಕಾಂಡಿನ್‌ಸ್ಕಿಯ ಜಲವರ್ಣವೊಂದು "ಮೊದಲ ಅಮೂರ್ತ ಜಲವರ್ಣ" ಎಂದೇ ಪ್ರಸಿದ್ಧವಾಗಿದೆ. ಹಾಳೆಯ ಮೇಲೆ ಅವರ ಸಹಿಯೂ 1910 ಎಂಬ ವರ್ಷವೂ ಇವೆ. ಆದರೆ ಅವರು 1913ರಲ್ಲಿ ಬರೆದ ದೊಡ್ಡ ತೈಲಚಿತ್ರವೊಂದರ ಸಿದ್ಧತೆಗೆ ಅದು ತೀರ ಹತ್ತಿರವಾಗಿರುವುದರಿಂದ, ಚಿತ್ರವೂ 1913ರದ್ದೇ, ವರ್ಷವನ್ನು ಆಮೇಲೆ ಸೇರಿಸಿದ್ದು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ನಮ್ಮ ಹಾಳೆಗಳ ಬಗ್ಗೆ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಾರರು. ಆದರೂ ಚಿತ್ರ ಮುಗಿದ ದಿನವೇ ಹಿಂಬದಿಯಲ್ಲಿ ತಾರೀಖು ಬರೆಯುವ ರೂಢಿಯನ್ನು ನಾನು ಈ ಕಥೆಯಿಂದ ಕಲಿತೆ.

ಈಗ ನನಗೆ ಹೇಳಲು ಅಷ್ಟು ಹಿತವಲ್ಲದ ಸಂಗತಿ. ಮಾರಲು ಶುರುಮಾಡಿದ ಮೊದಲ ವರ್ಷಗಳಲ್ಲಿ ನಾನು ಒಬ್ಬ ಯುವಕನ ಭಾವಚಿತ್ರ ಬರೆದೆ. ಅದರ ಜೀವವೆಲ್ಲ ಕೆನ್ನೆಯ ಮೇಲೆ ಒದ್ದೆಯಲ್ಲೇ ಹರಡಿದ ಕಡುಗೆಂಪಿನಲ್ಲಿತ್ತು. ಕೊಂಡವರು ಪ್ರೀತಿಯಿಂದ ಫ್ರೇಮು ಹಾಕಿಸಿ, ಬೆಳಕು ಚೆನ್ನಾಗಿ ಬೀಳಲೆಂದು ಕಿಟಕಿಯ ಎದುರು ಗೋಡೆಗೆ ತೂಗುಹಾಕಿದರು. ನಾಲ್ಕು ವರ್ಷಗಳ ನಂತರ ಅವರು ಫೋನಿನಲ್ಲಿ ಒಂದು ಫೋಟೊ ಕಳಿಸಿ, "ಇವನಿಗೆ ಏನಾಯಿತು?" ಎಂದು ಕೇಳಿದರು. ಕೆಂಪು ಹೊರಟುಹೋಗಿತ್ತು. ನೀಲಿ ಹಾಗೇ ಉಳಿದಿದ್ದರಿಂದ ಹುಡುಗ ಜ್ವರದಿಂದ ಎದ್ದವನಂತೆ ಬಿಳಿಚಿಕೊಂಡಿದ್ದ. ಚಿತ್ರವನ್ನು ವಾಪಸು ತರಿಸಿ ಫ್ರೇಮು ಬಿಚ್ಚಿದಾಗ, ಮೌಂಟಿನ, ಅಂದರೆ ಚಿತ್ರದ ಸುತ್ತ ಇಡುವ ದಪ್ಪ ಕಾಗದದ ಚೌಕಟ್ಟಿನ, ಅಡಿಯಲ್ಲಿ ಬೆಳಕು ಕಾಣದ ಅರ್ಧ ಬೆರಳಗಲದ ಅಂಚಿನಲ್ಲಿ ಆ ಕೆಂಪು ಮೊದಲಿದ್ದಂತೆಯೇ ಹೊಳೆಯುತ್ತಿತ್ತು. ತಪ್ಪು ಅವರ ಕಿಟಕಿಯದ್ದಲ್ಲ, ನನ್ನದು. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಪಿಆರ್ 83 ಎಂದು ವರ್ಣದ್ರವ್ಯದ ಸಂಕೇತ ಮುದ್ರಿಸಿದ್ದನ್ನು ನಾನು ಓದಿರಲಿಲ್ಲ. ಅದು ಅಲಿಜರಿನ್ ಕ್ರಿಮ್ಸನ್, ತೆಳುವಾಗಿ ಹಚ್ಚಿದರೆ ಬೆಳಕಿಗೆ ಮಾಸುವುದರಲ್ಲಿ ಹೆಸರಾದ ಬಣ್ಣ. ಅವರಿಗೆ ಬೇರೊಂದು ಚಿತ್ರ ಕೊಟ್ಟೆ. ಮಾಸಿದ್ದನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ಈ ತಪ್ಪಿನಲ್ಲಿ ನನಗೆ ದೊಡ್ಡವರ ಜೊತೆಯಿದೆ. ಮಾಸುವ ಬಣ್ಣಗಳನ್ನು ಬಳಸಿದ್ದಕ್ಕೆ ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಕುಖ್ಯಾತರು. ಹೆನ್ರಿ ವಾನ್ ಎಂಬ ಸಂಗ್ರಾಹಕರು ಟರ್ನರರ 38 ಜಲವರ್ಣಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗೆ ಬರೆದಿಟ್ಟಾಗ, ಬೆಳಕು ಅತಿ ಮಂದವಾಗಿರುವ ಜನವರಿ ತಿಂಗಳಲ್ಲಿ ಮಾತ್ರ ಅವನ್ನು ಪ್ರದರ್ಶಿಸಬೇಕು ಎಂದು ಷರತ್ತು ಹಾಕಿದ್ದರು. ಎಡಿನ್‌ಬರೊದಲ್ಲಿ ಒಂದು ಶತಮಾನ ದಾಟಿದರೂ ಆ ಜನವರಿಯ ಪ್ರದರ್ಶನ ಸಂಪ್ರದಾಯವಾಗಿ ನಡೆದು ಬಂದಿದೆ. ಬಣ್ಣಗಳು ಮಾಸುವುದನ್ನು ಕ್ರಮವಾಗಿ ಪರೀಕ್ಷಿಸಿದ ರಸೆಲ್ ಮತ್ತು ಆಬ್ನಿ ಅವರ ವರದಿ 1888ರಲ್ಲಿ ಬಂತು. ಬೆಳಕಿನ ಜೊತೆಗೆ ಗಾಳಿ ಮತ್ತು ತೇವ ಸೇರಿದಾಗಲೇ ಹೆಚ್ಚಿನ ಹಾನಿ ಎಂದು ಅವರು ತೋರಿಸಿದರು. ಇಂದು ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆ ಗೊತ್ತುಮಾಡಿದ, ಬಣ್ಣ ಬೆಳಕಿಗೆ ಎಷ್ಟು ತಾಳುತ್ತದೆ ಎಂಬ ದರ್ಜೆ ಟ್ಯೂಬಿನ ಮೇಲೆ ಅಥವಾ ತಯಾರಕರ ಪಟ್ಟಿಯಲ್ಲಿ ಇರುತ್ತದೆ, ಒಂದು ಮತ್ತು ಎರಡನೆಯ ದರ್ಜೆಯವು ಕಲಾವಿದರ ಬಳಕೆಗೆ ಯೋಗ್ಯ. ಕಡುಗೆಂಪು ಬೇಕಾದವರಿಗೆ ಅಷ್ಟು ಬೇಗ ಮಾಸದ ಕ್ವಿನಕ್ರಿಡೋನ್ ಬಣ್ಣಗಳಿವೆ. ಇಷ್ಟಾದರೂ ನಾನು ಹೊಸ ಟ್ಯೂಬು ತಂದಾಗಲೆಲ್ಲ ಒಂದು ಪಟ್ಟಿಗೆ ತೆಳುವಾಗಿ ಹಚ್ಚಿ, ಅರ್ಧವನ್ನು ದಪ್ಪ ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಕೆಲವು ತಿಂಗಳು ಮರೆತುಬಿಡುತ್ತೇನೆ. ಮುಚ್ಚಿದ ಭಾಗ ತೆಗೆದಾಗ ಗೆರೆ ಕಂಡರೆ ಆ ಟ್ಯೂಬು ಮಾರಾಟದ ಚಿತ್ರಕ್ಕೆ ಬರುವುದಿಲ್ಲ.

ಮಾರುವಾಗ ಫೋಟೊ ಹೇಳುವ ಸುಳ್ಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪರದೆಯ ಮೇಲೆ ಅಂಗೈಯಗಲದ ಹಾಳೆಯೂ ಗೋಡೆಯಗಲದ ಹಾಳೆಯೂ ಒಂದೇ ಗಾತ್ರ. ಬಿಟ್ಟ ಕಾಗದವೇ ಕೆನ್ನೆಯಾಗಿರುವ ಇಂಥ ಚಿತ್ರದಲ್ಲಿ, ಫೋಟೊದ ಬಿಳುಪು ತುಸು ಹಳದಿಗೆ ಅಥವಾ ನೀಲಿಗೆ ತಿರುಗಿದರೂ ಮುಖದ ಬಣ್ಣವೇ ಬದಲಾಗುತ್ತದೆ. ಆದ್ದರಿಂದ ನಾನು ಒಂದು ಫೋಟೊವನ್ನು ಮೋಡ ಕವಿದ ಹಗಲಿನ ಬೆಳಕಿನಲ್ಲಿ ನೇರವಾಗಿ, ಇನ್ನೊಂದನ್ನು ಪಕ್ಕದಿಂದ ಬೆಳಕು ಬಿಟ್ಟು ಕಾಗದದ ತರಿ ಕಾಣುವಂತೆ, ಮತ್ತೊಂದನ್ನು ಕೈಯಲ್ಲಿ ಹಿಡಿದುಕೊಂಡಂತೆ ತೆಗೆಯುತ್ತೇನೆ. ಬಣ್ಣವನ್ನು ಮೆರುಗುಗೊಳಿಸುವ ಗುಂಡಿಯನ್ನು ಮುಟ್ಟುವುದಿಲ್ಲ. ಹಾಳೆಯ ಅಳತೆ, ಕಾಗದ, ಬಳಸಿದ ವರ್ಣದ್ರವ್ಯಗಳ ಸಂಕೇತ, ವರ್ಷ, ಫ್ರೇಮು ಸೇರಿದೆಯೋ ಇಲ್ಲವೋ, ಇವನ್ನೆಲ್ಲ ವಿವರಣೆಯಲ್ಲಿ ಬರೆಯುತ್ತೇನೆ. ಮುದ್ರಿತ ಪ್ರತಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಸ್ಪಷ್ಟತೆ ಬೇಕು. 1990ರ ದಶಕದ ಆರಂಭದಲ್ಲಿ ಇಂಕ್‌ಜೆಟ್ ಮುದ್ರಣಕ್ಕೆ ಜಿಕ್ಲೇ ಎಂಬ ನಯವಾದ ಹೆಸರು ಬಂತು. ಅದೇ ಹತ್ತಿ ಕಾಗದದ ಮೇಲೆ ಮುದ್ರಿಸಿದರೆ ಮೇಲ್ನೋಟಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟ. ಭೂತಗನ್ನಡಿ ಹಿಡಿದರೆ ಮುದ್ರಣದಲ್ಲಿ ಸಿಂಪಡಿಸಿದ ಬಣ್ಣಬಣ್ಣದ ಚುಕ್ಕೆಗಳು ಕಾಣುತ್ತವೆ. ಮೂಲದಲ್ಲಿ ವರ್ಣದ್ರವ್ಯ ಕಾಗದದ ತಗ್ಗುಗಳಲ್ಲಿ ಕುಳಿತಿರುತ್ತದೆ, ಪೆನ್ಸಿಲಿನ ಗೆರೆ ಓರೆ ಬೆಳಕಿಗೆ ಮಿನುಗುತ್ತದೆ, ನೀರು ಕುಡಿದ ಕಡೆ ಹಾಳೆಯ ಬೆನ್ನು ಸ್ವಲ್ಪ ಅಲೆಯೆದ್ದಿರುತ್ತದೆ. ಮುದ್ರಣವನ್ನು ಮುದ್ರಣವೆಂದೇ ಹೇಳಿ ಮಾರುವುದರಲ್ಲಿ ಯಾವ ಅವಮಾನವೂ ಇಲ್ಲ.

ಬೆಲೆಯ ಬಗ್ಗೆ ಹೆಚ್ಚು ಹೇಳಲಾರೆ. ಗ್ಯಾಲರಿ ಸಾಮಾನ್ಯವಾಗಿ ಮಾರಾಟದ ಹಣದಲ್ಲಿ ಅರ್ಧದವರೆಗೂ ತನ್ನ ಪಾಲು ಎಂದು ತೆಗೆದುಕೊಳ್ಳುತ್ತದೆ. ನಾವೇ ಮಾರಿದರೆ ಆ ಪಾಲು ಉಳಿಯುವಂತೆ ಕಂಡರೂ ಫೋಟೊ, ಪ್ಯಾಕಿಂಗು, ಪತ್ರವ್ಯವಹಾರದಲ್ಲಿ ಅದರ ಬಹುಭಾಗ ಸಮಯದ ರೂಪದಲ್ಲಿ ಹೋಗಿಬಿಡುತ್ತದೆ. ನಾನು ಗಾತ್ರಕ್ಕೆ ತಕ್ಕಂತೆ ಒಂದೇ ದರ ಇಟ್ಟಿದ್ದೇನೆ, ಹೆಚ್ಚು ಹೊತ್ತು ಹಿಡಿದ ಚಿತ್ರಕ್ಕೆ ಹೆಚ್ಚು ಕೇಳುವುದಿಲ್ಲ. ಅತ್ತೆಯ ಚಿತ್ರ ಕಾಗದದ ಮೇಲೆ ನಡೆದದ್ದು ಬಹಳವೆಂದರೆ ಐವತ್ತು ನಿಮಿಷ. ಅದಕ್ಕೂ ಮೊದಲಿನ ಮೂರು ಹಾಳೆಗಳನ್ನು, ಅವರ ಎದುರು ಕುಳಿತು ಮಾತಾಡಿದ ಸಂಜೆಗಳನ್ನು ಯಾವ ಲೆಕ್ಕಕ್ಕೆ ಹಾಕಬೇಕೋ ನನಗೆ ತಿಳಿಯದು.

ಕೊಂಡವರಿಗೆ ಹಾಳೆ ಸೇರುತ್ತದೆ, ಕೃತಿಸ್ವಾಮ್ಯ ಸೇರುವುದಿಲ್ಲ. ಬೇರೆ ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ ಬಹುತೇಕ ದೇಶಗಳಲ್ಲಿ ಅದು ಕಲಾವಿದರಲ್ಲೇ ಉಳಿಯುತ್ತದೆ. ಚಿತ್ರದ ಫೋಟೊ ಬಳಸಿ ಕ್ಯಾಲೆಂಡರು ಮಾಡಿಸಿದ ಮೇಲೆ ಜಗಳ ತೆಗೆಯುವುದಕ್ಕಿಂತ ಮಾರುವ ದಿನವೇ ಇದನ್ನು ಎರಡು ಸಾಲಿನಲ್ಲಿ ಬರೆದುಕೊಡುವುದು ಮೇಲು. ಮುಂದೆ ಚಿತ್ರ ಕೈಬದಲಾದಾಗ ಕಲಾವಿದರಿಗೂ ಒಂದು ಪಾಲು ಕೊಡುವ ಮರುಮಾರಾಟದ ಹಕ್ಕನ್ನು ಫ್ರಾನ್ಸ್ 1920ರಲ್ಲೇ ಕಾನೂನು ಮಾಡಿತು. ಈಗ ಹಲವು ದೇಶಗಳಲ್ಲಿ ಇದೆ, ಕೆಲವು ಕಡೆ ಇಲ್ಲ.

ತೂಗುಹಾಕುವವರಿಗೆ ನಾಲ್ಕು ಮಾತು. ಗಾಜು ಕಾಗದಕ್ಕೆ ತಾಗಬಾರದು, ನಡುವೆ ಆಮ್ಲರಹಿತ ಮೌಂಟು ಇರಬೇಕು. ಹಾಳೆಯನ್ನು ಹಲಗೆಗೆ ಪೂರ್ತಿ ಅಂಟಿಸಬಾರದು, ಮೇಲಿನ ಅಂಚಿನಲ್ಲಿ ತೆಳು ಜಪಾನಿ ಕಾಗದದ ಎರಡು ಪಟ್ಟಿಗಳಿಂದ ತೂಗುಬಿಟ್ಟರೆ ಸಾಕು. ಕಿಟಕಿಯ ಎದುರು ಗೋಡೆ ಬೇಡ, ಹಬೆಯಾಡುವ ಕೋಣೆಯೂ ಬೇಡ. ವಸ್ತುಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನು ಮಾತ್ರ ಕೊಡುತ್ತವೆ; ಲಕ್ಸ್ ಎಂದರೆ ಬೆಳಕಿನ ಅಳತೆ. ಮನೆಯಲ್ಲಿ ಅದನ್ನು ಅಳೆಯುತ್ತ ಕೂರಬೇಕಾಗಿಲ್ಲ, ವರ್ಷದಲ್ಲಿ ಕೆಲವು ತಿಂಗಳು ಚಿತ್ರವನ್ನು ಇಳಿಸಿ ಕಪಾಟಿನಲ್ಲಿ ವಿಶ್ರಾಂತಿಗೆ ಬಿಟ್ಟರೂ ನಡೆಯುತ್ತದೆ.

ಕಡೆಯದಾಗಿ, ಭಾವಚಿತ್ರದಲ್ಲಿ ಮೂರನೆಯವರೊಬ್ಬರು ಇರುತ್ತಾರೆ. ಬರೆದವರೂ ಅಲ್ಲದ, ಕೊಳ್ಳುವವರೂ ಅಲ್ಲದ, ಎದುರು ಕುಳಿತವರು. ಕಣ್ಣಿಲ್ಲದ ಚಿತ್ರವೇ ಆದರೂ ಅವರನ್ನು ಕೇಳದೆ ಮಾರಲು ನನಗೆ ಮನಸ್ಸಾಗಲಿಲ್ಲ. ಹಾಳೆಯನ್ನು ಅತ್ತೆಯ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. "ನನ್ನ ಎಡಗಡೆ ಏನೂ ಬರೆದಿಲ್ಲವಲ್ಲ ನೀನು" ಎಂದರು. ಇಲ್ಲ ಎಂದೆ. "ಸರಿಯಾಗಿದೆ. ಯಾರಿಗೆ ಬೇಕಾದರೂ ಕೊಡು, ನನ್ನ ಹೆಸರು ಮಾತ್ರ ಬರೆಯಬೇಡ" ಎಂದರು. ಆದ್ದರಿಂದ ಹಿಂಬದಿಯಲ್ಲಿ ಅವರ ಹೆಸರಿಲ್ಲ. ಪೆನ್ಸಿಲಿನಲ್ಲಿ ಬರೆದ ತಾರೀಖು, ಅಳತೆ, ಕಾಗದದ ವಿವರ, ಅಲ್ಟ್ರಾಮರೀನ್ ನೀಲಿಗೆ ಪಿಬಿ 29 ಮತ್ತು ಬರ್ಂಟ್ ಸಿಯೆನಾಗೆ ಪಿಬಿಆರ್ 7 ಎಂಬ ಎರಡೇ ಎರಡು ಬಣ್ಣಗಳ ಸಂಕೇತ, ನನ್ನ ಸಹಿ, ಮೇಲುಗಡೆ "ಬಲಗಿವಿ" ಎಂಬ ಶೀರ್ಷಿಕೆ ಇವೆ. ಒಳಗೆ ಬರುವಾಗ ಎರಡನೆಯ ಪ್ರಶ್ನೆ ಕೇಳಿ, ಈಗ ಮುಂದಿನ ಸಾಲಿನಲ್ಲಿ ಕುಳಿತಿರುವವರಿಗೆ ನನ್ನ ಉತ್ತರ: ಹೌದು, ಕೊಡುತ್ತೇನೆ. ಸಭೆ ಮುಗಿದ ಮೇಲೆ ಇಲ್ಲಿಗೆ ಬನ್ನಿ, ಮೊದಲು ಹಾಳೆಯನ್ನು ತಿರುಗಿಸಿ ಬೆನ್ನನ್ನು ಓದಿ.